ಓದದೆ ಕೈದಾಟಿಸುವ ಪತ್ರ

ಸಿಂಧನೂರಿನಿಂದ ರಾಯಚೂರಿನ ಕಡೆಗೆ ಹೋಗುವ ರಸ್ತೆಯ ಮೇಲಿರುವ ಜವಳಗೇರಾದಲ್ಲಿಯೇ ಆಗಲಿ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ನೆಲ್ಲು ಬೆಳೆಯುವ ಆ ಸೀಮೆಯ ಮತ್ತಾವ ಊರಿನಲ್ಲಿಯೇ ಆಗಲಿ, ಸುಗ್ಗಿ ಮುಗಿದು ಅಡತ್ತಿ ಅಂಗಡಿಗಳ ಲೆಕ್ಕ ತೀರುವ ದಿನಗಳಲ್ಲಿ ರೊಕ್ಕದ ಕಟ್ಟುಗಳು ಕೈಯಿಂದ ಕೈಗೆ ದಾಟುವ ರೀತಿಯನ್ನು ಗಮನಿಸಿದವರಿಗೆ ಒಂದು ವೈಚಿತ್ರ್ಯ ಕಾಣದೆ ಇರದು. ಹೊಲದ ಪಹಣಿಯನ್ನು ಎರಡು ಬಾರಿ ಓದಿಸಿ ಕೇಳುವ, ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ನಾಲ್ವರನ್ನು ವಿಚಾರಿಸುವ ಮನುಷ್ಯನೇ, ದೇಶದ ಕೇಂದ್ರ ಬ್ಯಾಂಕಿನ ಗವರ್ನರರು ಸಹಿಮಾಡಿ ಕೊಟ್ಟಿರುವ ವಾಗ್ದಾನಪತ್ರಗಳನ್ನು ಮಾತ್ರ, ಅಂಕಿಯನ್ನೂ ಬಣ್ಣವನ್ನೂ ಬಿಟ್ಟು ಬೇರೇನನ್ನೂ ನೋಡದೆ, ಬೆರಳಿಗೆ ಎಂಜಲು ಸವರಿ ಎಣಿಸಿ ಅಂಗಿಯ ಒಳಜೇಬಿಗೆ ಸೇರಿಸುತ್ತಾನೆ. ನಮ್ಮ ನಿತ್ಯಜೀವನದಲ್ಲಿ ಎಲ್ಲಕ್ಕಿಂತ ಹೆಚ್ಚು ಕೈಗಳನ್ನು ಹಾಯ್ದು ಬರುವ ಮುದ್ರಿತ ಪತ್ರವೇ ಎಲ್ಲಕ್ಕಿಂತ ಕಡಮೆ ಓದಿಸಿಕೊಳ್ಳುವ ಪತ್ರವೂ ಆಗಿರುವುದು ವಿಚಾರಯೋಗ್ಯವಾದ ಸಂಗತಿ. ಏಕೆಂದರೆ ಅದನ್ನು ರಚಿಸಿದವರು ಅದರ ಮೈಯಲ್ಲಿ ಅಡಗಿಸಿಟ್ಟಿರುವ ಗುರುತುಗಳಲ್ಲಿ ಬಹುಪಾಲು, ತಜ್ಞರ ಪ್ರಯೋಗಾಲಯಕ್ಕಾಗಿ ಅಲ್ಲ, ಅದನ್ನು ಕೈಚಾಚಿ ತೆಗೆದುಕೊಳ್ಳುವ ಸಾಮಾನ್ಯನ ಕಣ್ಣು ಬೆರಳುಗಳಿಗಾಗಿಯೇ ಉದ್ದೇಶಿತವಾದವು.

ಐವತ್ತು ರೂಪಾಯಿಯ ನೋಟನ್ನೇ ಮೊದಲು ತೆಗೆದುಕೊಳ್ಳೋಣ. 2017ರ ಆಗಸ್ಟ್ ತಿಂಗಳಲ್ಲಿ ಪ್ರಕಟವಾದ, ಹೊಳೆಯುವ ನೀಲಿ ಬಣ್ಣದ, 135 ಮಿಲಿಮೀಟರ್ ಉದ್ದ 66 ಮಿಲಿಮೀಟರ್ ಅಗಲದ ಈ ಹಾಳೆಯಲ್ಲಿ ಜವಳಗೇರಾದ ಎರಡು ನೆರೆಹೊರೆಗಳು ಬಂದು ಸೇರಿಕೊಂಡಿವೆ. ಮುಂಬದಿಯ ಬಲತುದಿಯಲ್ಲಿರುವುದು ಅಶೋಕಸ್ತಂಭದ ಸಿಂಹಲಾಂಛನ. ಶಾಸನಗಳ ಪ್ರಿಯದರ್ಶಿಯೂ ಬೌದ್ಧಗ್ರಂಥಗಳ ಅಶೋಕನೂ ಒಬ್ಬನೇ ಎಂಬುದಕ್ಕೆ ವಿದ್ವಾಂಸರಿಗೆ ಶಿಲಾಪ್ರಮಾಣ ದೊರೆತದ್ದು, ಚಿನ್ನದ ಅದಿರನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರನು 1915ರಲ್ಲಿ ನೆರೆಯ ಮಸ್ಕಿಯ ಬಂಡೆಯ ಮೇಲೆ 'ದೇವಾನಾಂಪ್ರಿಯ' ಎಂಬ ಬಿರುದಿನೊಡನೆ ಆ ಅರಸನ ಹೆಸರನ್ನೂ ಹೊತ್ತ ಬ್ರಾಹ್ಮೀ ಶಾಸನವನ್ನು ಕಂಡ ಮೇಲೆ. ಸಾರನಾಥದ ಮೂಲಶಿಲ್ಪದಲ್ಲಿ ನಾಲ್ಕು ಸಿಂಹಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವುವಾದರೂ ನೋಟಿನ ಚಿತ್ರದಲ್ಲಿ ನಮಗೆ ಕಾಣುವುವು ಮೂರೇ. ನೋಟನ್ನು ಮಗುಚಿದರೆ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥ. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಈ ರಥವು ನಿಜದಲ್ಲಿ ತೇರಲ್ಲ, ಗರುಡನ ಗುಡಿ. 1856ರಲ್ಲಿ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ಇನ್ನೂ ನಿಂತಿದೆ. ಆ ಶಿಖರವನ್ನು ತರುವಾಯ ತೆಗೆದುಹಾಕಿದ್ದರಿಂದ, ನೋಟಿನಲ್ಲಿ ಅಚ್ಚಾಗಿರುವುದು ನಾವು ಇಂದು ಕಾಣುವ, ಶಿಖರವಿಲ್ಲದ ರಥ. ಮಸ್ಕಿಯ ಅರಸನನ್ನೂ ಹಂಪೆಯ ಗುಡಿಯನ್ನೂ ಜೇಬಿನಲ್ಲಿರಿಸಿಕೊಂಡು ತಿರುಗುವ ನಮಗೆ ಅವು ಅಲ್ಲಿರುವುದೇ ಲಕ್ಷ್ಯಕ್ಕೆ ಬಾರದಿದ್ದರೆ, ಅದಕ್ಕಿಂತ ಸೂಕ್ಷ್ಮವಾದ ಗುರುತುಗಳು ಬಾರದಿರುವುದರಲ್ಲಿ ಆಶ್ಚರ್ಯವೇನು?

ಹಾಲಿ ರೂಪಾಯಿಯ ಕಾಲ

ಈ ಸೀಮೆಯವರಿಗೆ ಕಾಗದದ ಹಣ ಪರಿಚಯವಾದ ಬಗೆ ಮೈಸೂರಿನವರಿಗೋ ಧಾರವಾಡದವರಿಗೋ ಆದ ಬಗೆಯಂತಹುದಲ್ಲ. ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಗೂ, ಅಲ್ಲಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯಕ್ಕೂ ಸೇರಿದ್ದುದರಿಂದ, ಇಲ್ಲಿನ ಗಲ್ಲಾಪೆಟ್ಟಿಗೆಗಳಲ್ಲಿ ಬ್ರಿಟಿಷರ ಕಲ್ದಾರ್ ರೂಪಾಯಿಯ ಪಕ್ಕದಲ್ಲಿಯೇ ನಿಜಾಮನ ಹಾಲಿ ರೂಪಾಯಿಯೂ ಇರುತ್ತಿತ್ತು. ದೇಶೀಯ ಸಂಸ್ಥಾನಗಳು ತಮ್ಮದೇ ಆದ ಕಾಗದದ ಹಣವನ್ನು ಹೊರಡಿಸುವುದನ್ನು ಬ್ರಿಟಿಷ್ ಸರಕಾರವು ಬಹುಕಾಲ ಒಪ್ಪಿರಲಿಲ್ಲ. ಆದರೆ ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಗೆ ಬಂದ ಅಭಾವವೂ, ಆ ಯುದ್ಧಕ್ಕೆ ಹೈದರಾಬಾದು ನೀಡಿದ ನೆರವೂ ಕೂಡಿ ಆ ಹಟವನ್ನು ಸಡಿಲಿಸಿದುವು. 1918ರಲ್ಲಿ ಹತ್ತು ಮತ್ತು ನೂರು ರೂಪಾಯಿಯ, 1919ರಲ್ಲಿ ಒಂದು ಮತ್ತು ಐದು ರೂಪಾಯಿಯ, 1926ರಲ್ಲಿ ಸಾವಿರ ರೂಪಾಯಿಯ ನೋಟುಗಳು 'ಉಸ್ಮಾನಿಯಾ ಸಿಕ್ಕಾ' ಎಂಬ ಅಭಿಧಾನದಿಂದ ಚಲಾವಣೆಗೆ ಬಂದುವು. ಉರ್ದುವಿನಲ್ಲಿ ಅಚ್ಚಾದ ಆ ನೋಟುಗಳ ಮೇಲೆ ಮೌಲ್ಯವನ್ನು ಇಂಗ್ಲಿಷಿನ ಜೊತೆಗೆ ಕನ್ನಡ, ತೆಲುಗು, ಮರಾಠಿಗಳಲ್ಲಿಯೂ ಬರೆದಿದ್ದರು. ಆಡಳಿತವೂ ಶಾಲೆಯೂ ಉರ್ದುಮಯವಾಗಿದ್ದ ಆ ದಿನಗಳಲ್ಲಿ ರಾಯಚೂರು ಸೀಮೆಯ ರೈತನು ತನ್ನ ಪ್ರಭುತ್ವವು ತನ್ನ ಭಾಷೆಯಲ್ಲಿ ಬರೆದದ್ದನ್ನು ಕಾಣಬಹುದಾಗಿದ್ದ ಕೆಲವೇ ಎಡೆಗಳಲ್ಲಿ ಈ ಹಾಳೆಯೂ ಒಂದಾಗಿತ್ತು.

ಆ ನೋಟುಗಳಿಗೆ ಸಂಬಂಧಿಸಿದ ಒಂದು ಸಮುದ್ರವೃತ್ತಾಂತವುಂಟು. ಆರಂಭದಲ್ಲಿ ಅವು ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದುವು. 1922ರ ಮೇ 20ರಂದು, ಲಂಡನ್ನಿನಿಂದ ಮುಂಬಯಿಗೆ ಹೊರಟಿದ್ದ 'ಈಜಿಪ್ಟ್' ಎಂಬ ಹಡಗು ದಟ್ಟವಾದ ಮಂಜಿನಲ್ಲಿ ಫ್ರಾನ್ಸಿನ ಪಶ್ಚಿಮತೀರದ ಬಳಿ ಮತ್ತೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಅದರ ಗರ್ಭದಲ್ಲಿದ್ದ ಚಿನ್ನ ಬೆಳ್ಳಿಗಳನ್ನು ಎತ್ತುವುದಕ್ಕಾಗಿ ಇಟಲಿಯ ಸಾಹಸಿಗಳ ತಂಡವೊಂದು ವರ್ಷಗಟ್ಟಲೆ ಹೆಣಗಿ 1932ರಲ್ಲಿ ಭಂಡಾರದ ಕೋಣೆಯನ್ನು ಸೇರಿದಾಗ, ಚಿನ್ನದೊಡನೆ ಮೇಲೆ ಬಂದದ್ದು ನಿಜಾಮನ ನೋಟುಗಳ ಕಟ್ಟುಗಳು! ಹತ್ತು ವರ್ಷ ಉಪ್ಪುನೀರಿನಲ್ಲಿ ನೆನೆದರೂ ಅವುಗಳಲ್ಲಿ ಎಷ್ಟೋ ನೋಟುಗಳು ಓದಲು ಬರುವಂತೆ ಉಳಿದುಕೊಂಡಿದ್ದುವು. ಆದರೆ ಅವು ಹಣವಾಗಿರಲಿಲ್ಲ. ಅಧಿಕಾರಿಯ ಸಹಿ ಬೀಳುವ ಮೊದಲೇ ಮುಳುಗಿದ್ದುದರಿಂದ ಸುಂದರವಾದ ಕಾಗದಗಳಾಗಿಯೇ ಉಳಿದು, ಕುತೂಹಲಿಗಳ ಸಂಗ್ರಹಗಳನ್ನು ಸೇರಿದುವು. ಇಂದಿನ ನೋಟಿನಲ್ಲಿಯೂ ಗಾಂಧೀಜಿಯ ಚಿತ್ರದ ಬಲಮಗ್ಗುಲಿಗೆ ವಾಗ್ದಾನದ ವಾಕ್ಯ, ಗವರ್ನರರ ಸಹಿ, ಬ್ಯಾಂಕಿನ ಲಾಂಛನಗಳಿರುವುದು ಇದೇ ಕಾರಣದಿಂದ. ಒಂದು ರೂಪಾಯಿಯ ನೋಟೊಂದು ಮಾತ್ರ ಇದಕ್ಕೆ ಅಪವಾದ. ಅದನ್ನು ಹೊರಡಿಸುವುದು ರಿಜರ್ವ್ ಬ್ಯಾಂಕಲ್ಲ, ಭಾರತ ಸರಕಾರ. ಅದರ ಮೇಲಿರುವುದು ಹಣಕಾಸು ಕಾರ್ಯದರ್ಶಿಗಳ ಸಹಿ. ವಾಗ್ದಾನದ ವಾಕ್ಯ ಅದರಲ್ಲಿ ಇರುವುದೇ ಇಲ್ಲ.

ನಾಸಿಕದ ಮುದ್ರಣಾಲಯ ಸ್ಥಾಪಿತವಾದ ಮೇಲೆ ಹೈದರಾಬಾದಿನ ನೋಟುಗಳೂ ಅಲ್ಲಿಯೇ ಅಚ್ಚಾಗತೊಡಗಿದುವು. ಸಂಸ್ಥಾನವು ಭಾರತದಲ್ಲಿ ವಿಲೀನವಾದ ಬಳಿಕ ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿಗಳೆಂಬ ದರದಲ್ಲಿ ವಿನಿಮಯ ನಡೆದು, ಕೆಲವು ಕಾಲ ಎರಡೂ ಜೊತೆಯಾಗಿ ಓಡಾಡಿ, 1959ರಲ್ಲಿ ಹಾಲಿಯ ಆಯುಸ್ಸು ಮುಗಿಯಿತು.

ಖೊಟ್ಟಿ ಕಲಿಸಿದ ಪಾಠ

ನೋಟಿನ ಮೈಮೇಲಿರುವ ಒಂದೊಂದು ಗುರುತಿನ ಹಿಂದೆಯೂ ಒಬ್ಬ ಖೊಟ್ಟಿಗಾರನ ಕೈಚಳಕವಿದೆ ಎಂದರೆ ಅತಿಶಯವಲ್ಲ. ಕಾವಲು ಬಿಗಿಯಾದದ್ದೆಲ್ಲ ಕನ್ನ ಬಿದ್ದ ಮೇಲೆ. 1861ರ ಶಾಸನದಂತೆ ಬ್ರಿಟಿಷ್ ಸರಕಾರವು ಹೊರಡಿಸಿದ ಮೊದಲ ನೋಟುಗಳಲ್ಲಿ ವಿಕ್ಟೋರಿಯಾ ರಾಣಿಯ ಚಿಕ್ಕ ಚಿತ್ರವೂ ಎರಡು ಭಾಷೆಗಳ ಬರಹವೂ ಇದ್ದುವು. ಕೈಯಿಂದ ಎತ್ತಿದ ಕಾಗದದ ಒಂದೇ ಬದಿಯಲ್ಲಿ ಮುದ್ರಣ. ರಕ್ಷಣೆಗೆ ಕಾಗದದೊಳಗಿನ ನೀರುಗುರುತು, ಅಚ್ಚಿನ ಸಹಿ, ನೋಂದಣಿ ಇಷ್ಟೇ. ಅವುಗಳ ನಕಲುಗಳು ಎಷ್ಟು ಬೇಗ ಹಬ್ಬಿದುವೆಂದರೆ, 1867ರಲ್ಲಿ ಅವನ್ನು ಹಿಂದಕ್ಕೆ ಕರೆದು, ಬಣ್ಣದ ಅಡಿಮುದ್ರೆಯ ಮೇಲೆ ಹೆಣೆದ ಬಳ್ಳಿಗೆರೆಗಳಿರುವ ಹೊಸ ಮಾಲೆಯನ್ನು ಹೊರಡಿಸಬೇಕಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀಯರು ಭಾರತದ ನೋಟುಗಳನ್ನು ಅತ್ಯಂತ ನಿಪುಣತೆಯಿಂದ ನಕಲು ಮಾಡಿದಾಗ, ನೀರುಗುರುತಿನಲ್ಲಿದ್ದ ಆರನೆಯ ಜಾರ್ಜನ ಪಕ್ಕಮುಖವನ್ನು ನೇರಮುಖವನ್ನಾಗಿ ಮಾರ್ಪಡಿಸಿದ್ದಲ್ಲದೆ, ಕಾಗದದ ಒಡಲಿನಲ್ಲಿ ಭದ್ರತೆಯ ಎಳೆಯೊಂದನ್ನು ಹುದುಗಿಸುವ ಪದ್ಧತಿಯನ್ನು ಈ ದೇಶದಲ್ಲಿ ಮೊದಲ ಬಾರಿಗೆ ಆರಂಭಿಸಿದರು. ಸ್ವಾತಂತ್ರ್ಯ ಬಂದಾಗ ಅರಸನ ಮುಖದ ಎಡೆಯಲ್ಲಿ ಗಾಂಧೀಜಿಯನ್ನು ಇಡಬೇಕೆಂಬ ಆಲೋಚನೆ ನಡೆಯಿತಾದರೂ, 1949ರ ಒಂದು ರೂಪಾಯಿಯ ಹೊಸ ನೋಟಿನಲ್ಲಿ ಕೊನೆಗೆ ನೆಲೆಗೊಂಡದ್ದು ಅಶೋಕನ ಸಿಂಹಗಳೇ. ಗಾಂಧೀಜಿಯ ಹೆಸರಿನ ಮಾಲೆ ಬಂದದ್ದು 1996ರಲ್ಲಿ. ಈಗ ನಾವು ಬಳಸುವ ಹೊಸ ಮಾಲೆ 2016ರ ನವೆಂಬರಿನಿಂದ ಆರಂಭವಾದದ್ದು.

ಹತ್ತಿಯ ಒಡಲು

ನೋಟಿನ ಕಾಗದವು ನಾವು ಬರೆಯುವ ಕಾಗದದ ಜಾತಿಯದಲ್ಲ. ಬರೆಯುವ ಕಾಗದ ಮರದ ತಿರುಳಿನಿಂದ ಆದರೆ ಇದು ಹತ್ತಿಯ ನಾರಿನಿಂದ ಆದದ್ದು. ಎರೆಭೂಮಿಯಲ್ಲಿ ಹತ್ತಿ ಬೆಳೆದು ರಾಯಚೂರಿನ ಮಾರುಕಟ್ಟೆಗೆ ಗಾಡಿಗಟ್ಟಲೆ ಸಾಗಿಸುವ ಜನರಿಗೆ ಈ ಮಾತು ಪರಕೀಯವಾಗಿ ಕೇಳಿಸಬೇಕಾಗಿಲ್ಲ. ಹತ್ತಿಯ ನಾರಾದುದರಿಂದಲೇ ನೋಟು ಬೆವರಿನಲ್ಲಿ ನೆನೆದರೂ ಒಡನೆಯೇ ಕರಗುವುದಿಲ್ಲ, ಸಾವಿರ ಸಲ ಮಡಿಚಿದರೂ ಥಟ್ಟನೆ ಹರಿಯುವುದಿಲ್ಲ. ಹೊಸದಾಗಿದ್ದಾಗ ಬೆರಳುಗಳ ನಡುವೆ ಗರಿಗರಿ ಸದ್ದು ಮಾಡುವುದೂ ಈ ಕಾಗದದ ಗುಣವೇ. ಹಳೆಯ ವರ್ತಕರು ಕಣ್ಣಿಗಿಂತ ಮೊದಲು ಕಿವಿಯಿಂದ ನೋಟನ್ನು ಪರೀಕ್ಷಿಸುತ್ತಿದ್ದುದರಲ್ಲಿ ಅರ್ಥವಿಲ್ಲದೆ ಇಲ್ಲ.

ಈ ಕಾರ್ಯದಲ್ಲಿ ಕರ್ನಾಟಕದ ಪಾಲು ಅಲ್ಪವಲ್ಲ. ದೇಶದ ನಾಲ್ಕು ನೋಟು ಮುದ್ರಣಾಲಯಗಳಲ್ಲಿ ನಾಸಿಕ ಮತ್ತು ದೇವಾಸಗಳವು ಕೇಂದ್ರ ಸರಕಾರದ ನಿಗಮಕ್ಕೆ ಸೇರಿದುವು. ಮೈಸೂರು ಮತ್ತು ಪಶ್ಚಿಮ ಬಂಗಾಳದ ಸಾಲ್ಬೋನಿಯವು, 1995ರಲ್ಲಿ ಸ್ಥಾಪಿತವಾದ ಭಾರತೀಯ ರಿಜರ್ವ್ ಬ್ಯಾಂಕ್ ನೋಟ್ ಮುದ್ರಣ ಸಂಸ್ಥೆಗೆ ಸೇರಿದುವು. ಮೈಸೂರಿನ ಯಂತ್ರಗಳು ಕೆಲಸ ಆರಂಭಿಸಿದ್ದು 1996ರಲ್ಲಿ. ನೋಟಿನ ಕಾಗದಕ್ಕಾಗಿ ಪರದೇಶಗಳ ಮುಖ ನೋಡುವ ಅವಸ್ಥೆಯನ್ನು ತಗ್ಗಿಸುವುದಕ್ಕಾಗಿ 2010ರಲ್ಲಿ ಅದೇ ನಗರದಲ್ಲಿ ನೋಟುಕಾಗದದ ಕಾರ್ಖಾನೆಯೊಂದು ರೂಪುಗೊಂಡಿತು. ಅದರ ವಾರ್ಷಿಕ ಸಾಮರ್ಥ್ಯ 12,000 ಟನ್. ಮುದ್ರಣದ ಶಾಯಿಯನ್ನು ತಯಾರಿಸುವ 'ವರ್ಣಿಕಾ' ಎಂಬ ಘಟಕ 2022ರ ಮಾರ್ಚಿನಲ್ಲಿ ಅಲ್ಲಿಯೇ ಲೋಕಾರ್ಪಣವಾಯಿತು. ವರ್ಷಕ್ಕೆ 1,500 ಟನ್ ಶಾಯಿ ಅದರ ಶಕ್ತಿ. ಹೀಗೆ ಕಾಗದ, ಶಾಯಿ, ಮುದ್ರಣ ಮೂರೂ ಒಂದೇ ಊರಿನಲ್ಲಿ ನಡೆಯುವ ಏರ್ಪಾಡು ನಮ್ಮ ರಾಜ್ಯದಲ್ಲಿಯೇ ಇದೆ.

ನೀರುಗುರುತು ಮುದ್ರಣದಿಂದ ಆಗತಕ್ಕದ್ದಲ್ಲ. ಕಾಗದ ಹುಟ್ಟುವಾಗಲೇ ಅದರೊಳಗೆ ಮೂಡತಕ್ಕದ್ದು. ನೀರಿನಲ್ಲಿ ಕದಡಿದ ಹತ್ತಿಯ ನಾರು ಉರುಳೆಯೊಂದರ ಜಾಲರಿಯ ಮೇಲೆ ಪದರಗಟ್ಟುವಾಗ, ಜಾಲರಿಯಲ್ಲಿ ತಗ್ಗಿದ್ದೆಡೆ ನಾರು ದಪ್ಪವಾಗಿ ಕೂಡಿ ಆ ಭಾಗ ಬೆಳಕಿಗೆ ಹಿಡಿದಾಗ ಕಪ್ಪಾಗಿಯೂ, ಉಬ್ಬಿದ್ದೆಡೆ ತೆಳುವಾಗಿ ಬೆಳ್ಳಗೂ ತೋರುವುದು. ಈ ನೆರಳು ಬೆಳಕುಗಳ ಮೆಲ್ಲನೆಯ ಏರಿಳಿತದಿಂದಲೇ ಗಾಂಧೀಜಿಯ ಮುಖ ರೂಪುಗೊಳ್ಳುವುದು. ಅದರ ಪಕ್ಕದಲ್ಲಿ ಮೌಲ್ಯದ ಅಂಕಿ ಇನ್ನೂ ಬೆಳ್ಳಗೆ, ಅಂಚು ಸ್ಪಷ್ಟವಾಗಿ ಕಾಣುವುದಕ್ಕೆ ಕಾರಣ, ಜಾಲರಿಗೆ ಬೆಸೆದ ಸಣ್ಣ ಲೋಹದ ಅಚ್ಚು. ಖೊಟ್ಟಿ ನೋಟಿನಲ್ಲಿ ಈ ಮುಖವನ್ನು ಎಣ್ಣೆಯಿಂದಲೋ ಮಸುಕು ಶಾಯಿಯಿಂದಲೋ ಬಳಿದಿರುತ್ತಾರೆ. ಅಂಥದು ಬೆಳಕಿಗೆ ಹಿಡಿಯದೆ ಮೇಜಿನ ಮೇಲಿಟ್ಟಾಗಲೂ ಕಾಣಿಸಿಕೊಂಡುಬಿಡುತ್ತದೆ, ಮುಖದಲ್ಲಿ ನೆರಳಿನ ಏರಿಳಿತವೂ ಇರುವುದಿಲ್ಲ. ಇಷ್ಟು ಶ್ರಮದಿಂದ ರಚಿತವಾದ ಈ ಬಿಳಿಯ ಕಿಟಕಿಯ ಮೇಲೆಯೇ ಕಟ್ಟಿನ ಲೆಕ್ಕವನ್ನು ಪೆನ್ನಿನಿಂದ ಗೀಚುವ ಅಭ್ಯಾಸ ನಮ್ಮಲ್ಲಿ ಎಷ್ಟು ಬೇರೂರಿತ್ತೆಂದರೆ, ಅದನ್ನು ನಿಲ್ಲಿಸಬೇಕೆಂದು 2001ರಲ್ಲಿ ರಿಜರ್ವ್ ಬ್ಯಾಂಕು ಬ್ಯಾಂಕುಗಳಿಗೇ ಸೂಚನೆ ಕೊಡಬೇಕಾಯಿತು. ಸಾಕ್ಷಿ ನಿಲ್ಲುವ ಕಟ್ಟೆಯನ್ನೇ ಮಸಿಯಿಂದ ಮುಚ್ಚುವುದು ಇದು.

ಭದ್ರತೆಯ ಎಳೆಯೂ ಕಾಗದದೊಡನೆಯೇ ಹುಟ್ಟುವುದು. ಅದು ಒಮ್ಮೆ ಮೇಲೆ ಬಂದು ಒಮ್ಮೆ ಒಳಗೆ ಹೋಗಿ ತುಂಡುತುಂಡಾಗಿ ತೋರುವುದಾದರೂ, ಬೆಳಕಿಗೆ ಹಿಡಿದರೆ ಮೇಲಿಂದ ಕೆಳಗಿನವರೆಗೆ ಅಖಂಡವಾದ ಒಂದೇ ಗೆರೆಯಾಗುವುದು. ಅದರ ಮೇಲೆ ದೇವನಾಗರಿಯಲ್ಲಿ 'ಭಾರತ' ಎಂದೂ ಇಂಗ್ಲಿಷಿನಲ್ಲಿ 'ಆರ್‌ಬಿಐ' ಎಂದೂ ಬರೆದಿದೆ. ನೂರು, ಇನ್ನೂರು, ಐನೂರರ ಹೊಸ ನೋಟುಗಳನ್ನು ವಾಲಿಸಿದರೆ ಆ ಎಳೆಯ ಹಸಿರು ನೀಲಿಯಾಗುವುದು. ಹೊಳಪಿನ ಪಟ್ಟಿಯೊಂದನ್ನು ಮೇಲೆ ಅಂಟಿಸಿದ ನಕಲಿನಲ್ಲಿ ಈ ಅಖಂಡತೆಯೂ ಇರದು, ಈ ವರ್ಣಾಂತರವೂ ಇರದು.

ಗೆರೆ, ಶಾಯಿ, ಬೆರಳು

ಮುದ್ರಣದ ಗುರುತುಗಳಲ್ಲಿ ಪ್ರತಿಯೊಂದೂ ನಕಲಿನ ಒಂದೊಂದು ಬಗೆಯ ಉಪಾಯಕ್ಕೆ ಕೊಟ್ಟ ಉತ್ತರವೆಂದು ತಿಳಿದರೆ ನೆನಪಿನಲ್ಲಿಡುವುದು ಸುಲಭ. ಬಣ್ಣದ ನಕಲುಯಂತ್ರವು ನೋಟನ್ನು ಒಂದೇ ಕೋನದಿಂದ ನೋಡಬಲ್ಲುದು. ಆದುದರಿಂದ ಕೋನ ಬದಲಾದಂತೆ ಬದಲಾಗುವ ಗುರುತುಗಳನ್ನು ಅದರ ಎದುರಿಗೆ ನಿಲ್ಲಿಸಿದರು. ಇನ್ನೂರು ಮತ್ತು ಐನೂರರ ನೋಟುಗಳ ಕೆಳಬಲಭಾಗದಲ್ಲಿ ರೂಪಾಯಿಯ ಚಿಹ್ನೆಯೊಡನೆ ಇರುವ ಅಂಕಿಯನ್ನು ನೇರವಾಗಿ ನೋಡಿದರೆ ಹಸಿರು, ವಾಲಿಸಿ ನೋಡಿದರೆ ನೀಲಿ. ಆ ಶಾಯಿಯಲ್ಲಿ ಒಂದರ ಮೇಲೊಂದು ಅತಿ ತೆಳುವಾದ ಪದರಗಳುಳ್ಳ ಸೂಕ್ಷ್ಮ ಹಾಳೆಗಳ ಚೂರುಗಳಿರುವುವು. ಅವುಗಳ ಮೇಲ್ಮೈಯಿಂದಲೂ ಒಳಗಿನಿಂದಲೂ ಮರಳಿ ಬರುವ ಬೆಳಕಿನ ಅಲೆಗಳು ಒಂದರೊಡನೊಂದು ಕೂಡಿ, ಕೆಲವು ಬಣ್ಣಗಳನ್ನು ಬಲಪಡಿಸಿ ಕೆಲವನ್ನು ಅಳಿಸುವುವು. ನೋಡುವ ಕೋನ ಬದಲಾದೊಡನೆ ಬೆಳಕು ನಡೆಯುವ ದಾರಿಯ ಉದ್ದವೂ ಬದಲಾಗಿ ಬೇರೆಯ ಬಣ್ಣ ಮೇಲುಗೈಯಾಗುವುದು. ನವಿಲಿನ ಕೊರಳು ಹೊರಳಿದಾಗ ಹಸಿರು ನೀಲಿಗಳು ಓಡಾಡುವುದೂ ಬೆಳಕಿನ ಇದೇ ಧರ್ಮದಿಂದ. ನಕಲುಯಂತ್ರವು ತಾನು ಕಂಡ ಒಂದು ಬಣ್ಣವನ್ನು ಮಾತ್ರ ಅಚ್ಚೊತ್ತಬಲ್ಲುದಾದುದರಿಂದ ಅದರ ಹಸಿರು ಹಸಿರಾಗಿಯೇ ಉಳಿಯುವುದು.

ನೂರು ರೂಪಾಯಿಯಿಂದ ಮೇಲಿನ ನೋಟುಗಳಲ್ಲಿರುವ ಗುಪ್ತಚಿತ್ರವೂ ಕೋನವನ್ನೇ ನಂಬಿದ್ದು. ನೋಟನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓರೆಯಾಗಿ ಹಿಡಿದರೆ, ಬರಿಯ ಪಟ್ಟಿಯಂತೆ ತೋರುತ್ತಿದ್ದೆಡೆಯಲ್ಲಿ ಮೌಲ್ಯದ ಅಂಕಿ ಎದ್ದು ಕಾಣುವುದು. ಉಬ್ಬಾಗಿ ಮುದ್ರಿಸಿದ ಗೆರೆಗಳನ್ನು ಅಂಕಿಯೊಳಗೆ ಒಂದು ದಿಕ್ಕಿಗೂ ಹೊರಗೆ ಇನ್ನೊಂದು ದಿಕ್ಕಿಗೂ ಎಳೆದಿರುವುದೇ ಇದರ ರಹಸ್ಯ. ಮುಂಬದಿಯ ಎಡಭಾಗದಲ್ಲಿ ಅರ್ಧ ಅಚ್ಚಾಗಿ ಹಿಂಬದಿಯಲ್ಲಿ ಉಳಿದರ್ಧ ಅಚ್ಚಾದ ಅಂಕಿಯೊಂದಿದೆ. ಬೆಳಕಿಗೆ ಹಿಡಿದಾಗ ಎರಡರ್ಧಗಳೂ ಕೂದಲೆಳೆಯಷ್ಟೂ ತಪ್ಪದೆ ಕೂಡಿ ಪೂರ್ಣ ಅಂಕಿಯಾಗುವುವು. ನಿಜವಾದ ಮುದ್ರಣಾಲಯದಲ್ಲಿ ಎರಡು ಬದಿಗಳೂ ಏಕಕಾಲಕ್ಕೆ ಅಚ್ಚಾಗುವುದರಿಂದ ಇದು ಸಾಧ್ಯ. ಒಂದು ಬದಿ ಮುಗಿಸಿ ಹಾಳೆಯನ್ನು ಮಗುಚಿ ಇನ್ನೊಂದು ಬದಿ ಒತ್ತುವವನಿಗೆ ಇಷ್ಟು ನಿಖರತೆ ಬಹು ಕಷ್ಟ. ಸಾಮಾನ್ಯ ಯಂತ್ರದ ಚಿಕ್ಕ ಚುಕ್ಕಿಗಳಿಗೂ ನಿಲುಕದಷ್ಟು ಕಿರಿದಾದ ಅಕ್ಷರಗಳಲ್ಲಿ 'ಭಾರತ', 'ಇಂಡಿಯಾ' ಎಂಬ ಪದಗಳನ್ನು ಬರೆದಿರುವುದೂ ಇದೇ ಉದ್ದೇಶದಿಂದ: ಭೂತಗನ್ನಡಿಯಲ್ಲಿ ನೋಡಿದರೆ ನಿಜವಾದುದರಲ್ಲಿ ಅಕ್ಷರ, ನಕಲಿನಲ್ಲಿ ಮಸುಕಾದ ಗೆರೆ. ಕ್ರಮಸಂಖ್ಯೆಯ ಅಂಕಿಗಳು ಎಡದಿಂದ ಬಲಕ್ಕೆ ಕ್ರಮೇಣ ದೊಡ್ಡದಾಗುತ್ತ ಹೋಗುವುದನ್ನು ಗಮನಿಸಿದವರು ಕೆಲವರೇ ಇದ್ದಾರು. 2015ರಿಂದ ಬಂದ ಏರ್ಪಾಡು ಅದು.

ಎಲ್ಲಕ್ಕಿಂತ ಉಪಕಾರಿಯಾದ ಗುರುತುಗಳೆಂದರೆ, ನನ್ನ ಅಭಿಪ್ರಾಯದಲ್ಲಿ, ದೃಷ್ಟಿಹೀನರಿಗಾಗಿ ಮಾಡಿದುವು. ಲೋಹದ ಫಲಕದಲ್ಲಿ ಕೊರೆದ ಗೆರೆಗಳಲ್ಲಿ ಶಾಯಿ ತುಂಬಿ, ಕಾಗದವನ್ನು ಅದರ ಮೇಲೆ ಭಾರಿ ಒತ್ತಡದಿಂದ ಅದುಮಿದಾಗ ಶಾಯಿ ಉಬ್ಬಾಗಿ ಕಾಗದದ ಮೇಲೆ ನಿಲ್ಲುವುದು. ಗಾಂಧೀಜಿಯ ಚಿತ್ರ, ಅಶೋಕಲಾಂಛನ ಮೊದಲಾದುವು ಬೆರಳಿಗೆ ತರಿತರಿಯಾಗಿ ತಾಕುವುದು ಇದರಿಂದಲೇ. ಇದಲ್ಲದೆ ನೂರರ ನೋಟಿಗೆ ಉಬ್ಬಿದ ತ್ರಿಕೋನ, ಇನ್ನೂರಕ್ಕೆ ಇಂಗ್ಲಿಷಿನ 'ಎಚ್' ಅಕ್ಷರ, ಐನೂರಕ್ಕೆ ವೃತ್ತ. ಎಡಬಲದ ಅಂಚುಗಳಲ್ಲಿ ನೂರಕ್ಕೆ ನಾಲ್ಕು ಓರೆಗೆರೆಗಳು, ಇನ್ನೂರಕ್ಕೆ ನಾಲ್ಕು ಗೆರೆಗಳ ನಡುವೆ ಎರಡು ಸಣ್ಣ ವೃತ್ತಗಳು, ಐನೂರಕ್ಕೆ ಐದು ಗೆರೆಗಳು. ಹತ್ತು, ಇಪ್ಪತ್ತು, ಐವತ್ತರ ಹೊಸ ನೋಟುಗಳಲ್ಲಿ ಈ ಉಬ್ಬುಗುರುತುಗಳಿಲ್ಲದಿರುವುದು ಕೊರತೆಯೆಂದೇ ಹೇಳಬೇಕು. ದೃಷ್ಟಿಹೀನರ ನೆರವಿಗಾಗಿ ರಿಜರ್ವ್ ಬ್ಯಾಂಕು 2020ರ ಜನವರಿಯಲ್ಲಿ 'ಮನಿ' ಎಂಬ ಮೊಬೈಲ್ ಆ್ಯಪ್ ಒಂದನ್ನು ಹೊರತಂದಿತಾದರೂ, ಸಂತೆಯ ನೂಕುನುಗ್ಗಲಿನಲ್ಲಿ ಬೆರಳಿಗೆ ಸಮನಾದ ಸಾಧನವಿಲ್ಲ. ಕಣ್ಣಿದ್ದವರಿಗೂ, ಕರೆಂಟು ಹೋದ ಸಂಜೆಯಲ್ಲಿ ಅಂಚಿನ ಗೆರೆಗಳ ಮೇಲೆ ಹೆಬ್ಬೆರಳಾಡಿಸುವುದು ಅತ್ಯಂತ ಶೀಘ್ರವಾದ ಪರೀಕ್ಷೆ. ಬಹಳ ಕೈ ಹಾಯ್ದ ನೋಟಿನಲ್ಲಿ ಉಬ್ಬು ಸವೆದಿರುವುದುಂಟು; ಆದುದರಿಂದ ಯಾವುದೊಂದೇ ಗುರುತನ್ನು ನಂಬದೆ ಎರಡು ಮೂರನ್ನು ಕೂಡಿಸಿ ನೋಡುವುದು ವಿವೇಕ.

ಬ್ಯಾಂಕಿನ ಗುಮಾಸ್ತರ ಮೇಜಿನಲ್ಲಿ ಅತಿನೇರಳೆ ದೀಪವೊಂದಿರುತ್ತದೆ. ಆ ಬೆಳಕಿನಲ್ಲಿ ನೋಟಿನ ಕ್ರಮಸಂಖ್ಯೆಯೂ, ಕಾಗದದಲ್ಲಿ ಅಲ್ಲಲ್ಲಿ ಚದರಿದ ಸಣ್ಣ ನಾರುಗಳೂ ಹೊಳೆಯುವುವು. ಕಾಗದ ಮಾತ್ರ ಮಂಕಾಗಿಯೇ ಉಳಿಯುವುದು. ಅಂಗಡಿಯಲ್ಲಿ ಸಿಗುವ ಬಿಳಿಯ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸುವುದರಿಂದ ಆ ದೀಪದ ಕೆಳಗೆ ಅದು ನೀಲಿಯಾಗಿ ಪ್ರಜ್ವಲಿಸಿ ತನ್ನ ಕುಲವನ್ನು ತಾನೇ ಸಾರಿಬಿಡುವುದು.

ಹದಿನೈದು ಭಾಷೆಗಳ ಪಟ್ಟಿ

ಹಿಂಬದಿಯಲ್ಲಿ ಎಡಕ್ಕೆ ಹದಿನೈದು ಭಾಷೆಗಳಲ್ಲಿ ಮೌಲ್ಯವನ್ನು ಬರೆದ ಪಟ್ಟಿಯಿದೆ. ಮುಂಬದಿಯ ಹಿಂದಿ ಇಂಗ್ಲಿಷುಗಳೊಡನೆ ಒಟ್ಟು ಹದಿನೇಳಾಯಿತು. ಭಾಷೆಗಳ ಇಂಗ್ಲಿಷ್ ಹೆಸರಿನ ಅಕಾರಾದಿಯಂತೆ ಜೋಡಿಸಿರುವುದರಿಂದ ಅಸ್ಸಾಮಿ, ಬಂಗಾಳಿ, ಗುಜರಾತಿಗಳ ತರುವಾಯ ನಾಲ್ಕನೆಯ ಸಾಲು ಕನ್ನಡದ್ದು. ಈ ಪಟ್ಟಿಯ ಸಾರ್ಥಕತೆಯನ್ನು ಪ್ರತ್ಯಕ್ಷ ಕಾಣಬೇಕಾದರೆ ಸಿಂಧನೂರಿನ ಪೇಟೆಗೆ ಹೋಗಬೇಕು. ಊರ ಕನ್ನಡಿಗರು, ನಿಜಾಮನ ಕಾಲದಿಂದ ಬಳಕೆಯಲ್ಲಿರುವ ಉರ್ದುವನ್ನಾಡುವವರು, ಕಾಲುವೆಯ ನೀರನ್ನು ನಂಬಿ ಬಂದು ಕ್ಯಾಂಪುಗಳಲ್ಲಿ ನೆಲಸಿದ ತೆಲುಗರು, ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಗೊಂಡ ಬಂಗಾಳಿಗಳು ಒಂದೇ ತರಕಾರಿ ಅಂಗಡಿಯ ಮುಂದೆ ನಿಂತು ಕೊಡುಕೊಳ್ಳುವಾಗ, ಆ ಪಟ್ಟಿಯ ನಾಲ್ಕು ಸಾಲುಗಳಿಗೆ ಅಲ್ಲಿಯೇ ಓದುಗರಿರುತ್ತಾರೆ. ಒಂದು ಅಕ್ಷರ ತಿದ್ದಿದರೂ ಯಾರಾದರೊಬ್ಬರ ಕಣ್ಣಿಗೆ ಬೀಳುವಂತಿರುವ ಈ ಬಹುಭಾಷಾ ಪಟ್ಟಿ, ಸೌಜನ್ಯವೂ ಹೌದು, ಕಾವಲೂ ಹೌದು.

ವದಂತಿಯೆಂಬ ಇನ್ನೊಂದು ಖೊಟ್ಟಿ

ನಿಜವಾದ ಗುರುತುಗಳನ್ನು ಅರಿಯದವನು ಇಲ್ಲದ ಗುರುತುಗಳನ್ನು ನಂಬುವನು. 2016ರ ನವೆಂಬರಿನಲ್ಲಿ ಎರಡು ಸಾವಿರದ ನೋಟು ಬಂದಾಗ, ಭೂಮಿಯ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಸುಳಿವು ಕೊಡುವ ಚಿಪ್ ಅದರಲ್ಲಿದೆಯೆಂಬ ಕಥೆ ದೂರದರ್ಶನ ವಾಹಿನಿಗಳಲ್ಲಿಯೂ ಗಂಭೀರವಾಗಿ ಪ್ರಸಾರವಾಯಿತು. ಅಂಥ ಚಿಪ್ ಇರಲಿಲ್ಲ, ಆ ನೋಟನ್ನೇ 2023ರ ಮೇ ತಿಂಗಳಲ್ಲಿ ಚಲಾವಣೆಯಿಂದ ಹಿಂದಕ್ಕೆ ಪಡೆಯತೊಡಗಿದರು. ಅದೇ ವರ್ಷದ ಜುಲೈನಲ್ಲಿ, ಕ್ರಮಸಂಖ್ಯೆಯ ನಡುವೆ ನಕ್ಷತ್ರದ ಗುರುತಿರುವ ನೋಟುಗಳು ಖೊಟ್ಟಿಯೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಮುದ್ರಣದಲ್ಲಿ ಕೆಟ್ಟ ನೋಟನ್ನು ಕಟ್ಟಿನಿಂದ ತೆಗೆದು ಅದರ ಬದಲಿಗೆ ಸೇರಿಸುವ ನೋಟಿಗೆ ನಕ್ಷತ್ರವಿಡುವ ಪದ್ಧತಿ 2006ರಿಂದಲೂ ಇದೆಯೆಂದೂ, ಅದು ಉಳಿದೆಲ್ಲ ನೋಟುಗಳಷ್ಟೇ ಸಿಂಧುವೆಂದೂ ರಿಜರ್ವ್ ಬ್ಯಾಂಕು ಸ್ಪಷ್ಟಪಡಿಸಬೇಕಾಯಿತು. ಹತ್ತು ರೂಪಾಯಿಯ ನಾಣ್ಯವನ್ನು ಖೊಟ್ಟಿಯೆಂದು ಬಗೆದು ಅಂಗಡಿಯವರು ಮುಟ್ಟದೆ ದೂರವಿಟ್ಟದ್ದೂ ಇದೇ ಅಜ್ಞಾನದ ಫಲ. ಹೀಗೆ ಖೊಟ್ಟಿಯನ್ನು ನಿಜವೆಂದು ಸ್ವೀಕರಿಸುವುದೂ, ನಿಜವನ್ನು ಖೊಟ್ಟಿಯೆಂದು ತಿರಸ್ಕರಿಸುವುದೂ ಒಂದೇ ರೋಗದ ಎರಡು ಲಕ್ಷಣಗಳು.

ದಾಕ್ಷಿಣ್ಯದ ಬೆಲೆ

ಇಷ್ಟೆಲ್ಲ ಗುರುತುಗಳಿದ್ದರೂ ನಾವು ನೋಡದೆ ಇರುವುದಕ್ಕೆ ಅವಸರವೊಂದೇ ಕಾರಣವಲ್ಲ. ನಮ್ಮ ಗ್ರಾಮೀಣ ವ್ಯವಹಾರವು ಪರಿಚಯದ ಮೇಲೆ ನಿಂತದ್ದು. ಬೀಗರು ಕೊಟ್ಟ ನೋಟನ್ನು, ವರ್ಷಗಟ್ಟಲೆ ವ್ಯವಹಾರವಿರುವ ಸಾಹುಕಾರರು ಎಣಿಸಿ ಕೊಟ್ಟ ನೋಟನ್ನು ಅವರೆದುರಿಗೇ ಬೆಳಕಿಗೆ ಎತ್ತಿ ಹಿಡಿಯುವುದು ಅವರ ಪ್ರಾಮಾಣಿಕತೆಯನ್ನು ಶಂಕಿಸಿದಂತೆ ಎಂಬ ದಾಕ್ಷಿಣ್ಯ ನಮ್ಮ ಕೈ ಹಿಡಿಯುವುದು. ಖೊಟ್ಟಿಗಾರನಿಗೆ ಯಂತ್ರಗಳಿಗಿಂತ ಹೆಚ್ಚಾಗಿ ನೆರವಾಗುವುದು ಈ ದಾಕ್ಷಿಣ್ಯವೇ. ಕೊಟ್ಟವರೂ ಅದನ್ನು ಮತ್ತಾರದೋ ಕೈಯಿಂದ ನೋಡದೆಯೇ ಪಡೆದಿರಬಹುದಲ್ಲವೆ? ನೋಟನ್ನು ಪರೀಕ್ಷಿಸುವುದೆಂದರೆ ಮನುಷ್ಯನನ್ನು ಪರೀಕ್ಷಿಸುವುದಲ್ಲ ಎಂಬ ಅಭ್ಯಾಸ ಬೆಳೆಯುವವರೆಗೂ, ಎಷ್ಟು ಹೊಸ ಗುರುತುಗಳನ್ನು ಸೇರಿಸಿದರೂ ಪ್ರಯೋಜನ ಅಲ್ಪವೇ.

ಅದರ ಬೆಲೆಯನ್ನು ತೆರಬೇಕಾದವನು ಕೊನೆಯ ಕೈಯವನು. ಬ್ಯಾಂಕಿನಲ್ಲಿ ಖೊಟ್ಟಿಯೆಂದು ತಿಳಿದುಬಂದ ನೋಟನ್ನು ಹಿಂದಕ್ಕೆ ಕೊಡುವಂತಿಲ್ಲ. ಅದರ ಮೇಲೆ ಖೋಟಾ ಎಂಬ ಮುದ್ರೆಯೊತ್ತಿ ವಶಪಡಿಸಿಕೊಂಡು, ತಂದವರಿಗೆ ರಸೀದಿ ಕೊಡತಕ್ಕದ್ದು. ಒಂದೇ ವ್ಯವಹಾರದಲ್ಲಿ ಅಂಥವು ನಾಲ್ಕರವರೆಗಿದ್ದರೆ ತಿಂಗಳ ಕೊನೆಗೆ ಪೊಲೀಸರಿಗೆ ಒಟ್ಟು ವರದಿ ಹೋಗುವುದು. ಐದು ಅಥವಾ ಹೆಚ್ಚಿದ್ದರೆ ಒಡನೆಯೇ ಮೊಕದ್ದಮೆಗೆ ದಾರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 178ರಿಂದ 182ರವರೆಗಿನ ಕಲಮುಗಳು ಈ ಅಪರಾಧಗಳಿಗೆ ಸಂಬಂಧಿಸಿದುವು. ಖೋಟಾ ನೋಟು ತಯಾರಿಸಿದವನಿಗೆ ಜೀವಾವಧಿ ಶಿಕ್ಷೆಯವರೆಗೆ ಅವಕಾಶವುಂಟು, ಖೋಟಾ ಎಂದು ತಿಳಿದೂ ಚಲಾಯಿಸುವುದೂ ಅಪರಾಧವೇ. ಗೊತ್ತಿಲ್ಲದೆ ಕೈಸೇರಿದ್ದನ್ನು ಗೊತ್ತಾದ ಮೇಲೆ ಮುಂದಿನವನ ಕೈಗೆ ದಾಟಿಸುವ ಜಾಣತನ ಹೀಗೆ ನಿರ್ದೋಷಿಯನ್ನೂ ದೋಷಿಯನ್ನಾಗಿ ಮಾಡುವುದು. ಸಂಶಯ ಬಂದ ನೋಟನ್ನು ಬ್ಯಾಂಕಿಗೆ ಒಯ್ದು ತೋರಿಸುವುದೊಂದೇ ನೇರವಾದ ಮಾರ್ಗ.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಮನೆಯಲ್ಲಿರುವ ಒಂದು ಐನೂರರ ನೋಟನ್ನು ಕಿಟಕಿಯ ಬೆಳಕಿಗೆ ಹಿಡಿದು, ವಾಲಿಸಿ, ಬೆರಳಾಡಿಸಿ ಒಮ್ಮೆ ಸಾವಕಾಶವಾಗಿ ಓದಿರಿ; ಮಕ್ಕಳಿಗೂ, ಸಂತೆಗೆ ಹೋಗುವ ಹಿರಿಯರಿಗೂ ಓದಿ ತೋರಿಸಿರಿ. ದೊಡ್ಡ ಮೊತ್ತ ಪಡೆಯುವಾಗ ಕೊಡುವವರ ಎದುರಿಗೇ, ಸಂಕೋಚವಿಲ್ಲದೆ ನೋಡಿ ತೆಗೆದುಕೊಳ್ಳಿರಿ. ಖೊಟ್ಟಿ ನೋಟಿಗೆ ಬದಲಾಗಿ ಒಳ್ಳೆಯ ನೋಟನ್ನು ಯಾವ ಬ್ಯಾಂಕೂ ಕೊಡುವುದಿಲ್ಲ.